ಹೊಳೆ ಬಳಸಿದ ಊರು

"ಸ್ಟ್ಯಾಂಪಿಂಗ್ ಇಲ್ದೆ ಆಚೆ ಕಾಲಿಟ್ರೆ ವಾಪಸ್ ಬರೋಕಾಗಲ್ಲ ಕಣೇ. ಎಷ್ಟು ಸಲ ಹೇಳ್ಲಿ?"

"ಎಷ್ಟು ಸಲ ಬೇಕಾದ್ರೂ ಹೇಳಿ ಮಧುರಕ್ಕ. ಫ್ಲೈಟಂತೂ ಐದೂ ನಲವತ್ತಕ್ಕೇ."

ಫಿರೋಜಾ ಸೂಟ್‌ಕೇಸಿನ ಮೇಲೆ ಮೊಣಕಾಲೂರಿ ಜಿಪ್ ಎಳೆದಳು. ಒಳಗೆ ಅವಳ ಬಟ್ಟೆಗಿಂತ ಅವಳ ಅಬ್ಬಾನ ಬಟ್ಟೆಯೇ ಹೆಚ್ಚಾಗಿತ್ತು: ಉಣ್ಣೆಯ ಬನಿಯನ್ನು, ಮಫ್ಲರು, ದಪ್ಪ ಕಾಲುಚೀಲ. ಸಿಕ್ಕೇ ಸಿಗುತ್ತಾರೆ, ಸಿಕ್ಕಾಗ ಚಳಿಯಲ್ಲಿರುತ್ತಾರೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಅಬ್ಬಾ ಎಂದರೆ ಮುನೀರ್ ಮೇಷ್ಟ್ರು. ವಯಸ್ಸು ಎಪ್ಪತ್ತೊಂದು. ಅಳಿಯ ವಕಾರ್ ಜೊತೆ ಸ್ಪೇನ್ ದೇಶದ ಟೊಲೆಡೋ ನೋಡಲು ಹೋದವರು ಅಲ್ಲೇ ಕಾಣೆಯಾಗಿ ಇಪ್ಪತ್ತೆರಡು ದಿನ. ಅಳಿಯ ಒಬ್ಬನೇ ತಿರುಗಿ ಬಂದಿದ್ದ.

"ಅಲ್ಲಿ ಪೊಲೀಸ್‌ಗೆ ಮೇಲ್ ಮಾಡಿದ್ಯಲ್ಲ, ಏನಂದ್ರು?" ಮಧುರಾ ಕೇಳಿದಳು.

"ಅಂಥ ಕಂಪ್ಲೇಂಟೇ ಬಂದಿಲ್ಲ ಅಂದ್ರು. ವಕಾರ್ ಕೊಟ್ಟಿದೀನಿ ಅಂತಾರೆ. ಭಾಷೆ ಬರದೆ ಎಲ್ಲೋ ಎಡವಟ್ಟಾಗಿರತ್ತೆ. ನಾನೇ ಹೋಗಿ ಬೀದಿ ಬೀದಿ ಕೇಳ್ತೀನಿ. ಗುಡ್ಡದ ಮೇಲಿನ ಊರು, ಎಷ್ಟು ದೊಡ್ಡದಿರತ್ತೆ?"

"ಝಿಕ್ರಾ?"

ಮಗಳ ಹೆಸರಿಗೆ ಫಿರೋಜಾಳ ಕೈ ಜಿಪ್ಪಿನ ಮೇಲೇ ನಿಂತಿತು. "ಪಕ್ಕದ ವೇದಾ ಆಂಟಿ ಮನೇಲಿ ಬಿಟ್ಟು ಬಂದೆ. ಅವಳ ಮುಖ ನೋಡಿದ್ರೆ ನಂಗೆ ಹೊರಡೋಕಾಗಲ್ಲ. ಎಂಟು ದಿನ ಅಂತ ಹೇಳಿದೀನಿ."

ಎಂಟು ದಿನವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಸ್ಟ್ಯಾಂಪಿಂಗ್ ಎಂದರೆ ಪಾಸ್‌ಪೋರ್ಟಿನಲ್ಲಿ ಅಂಟಿಸುವ ಅಂಗೈಯಗಲದ ವೀಸಾ. ಈ ಅಮೆರಿಕದಲ್ಲಿ ದುಡಿಯಲು ಅದು ಬೇಡ, ತೆರಿಗೆ ಕಟ್ಟಲು ಬೇಡ, ಮೂವತ್ತು ವರ್ಷದ ಕಂತಿನ ಮನೆ ಕೊಳ್ಳಲೂ ಬೇಡ. ಹೊರಗೆ ಹೋದವರು ಮತ್ತೆ ಒಳಗೆ ಬರಲು ಮಾತ್ರ ಬೇಕು. ಅವಧಿ ಮುಗಿದರೆ ಊರಿಗೆ ಹೋಗಿ ಅಲ್ಲಿನ ಅಮೆರಿಕದ ಕಚೇರಿಯ ಮುಂದೆ ನಿಲ್ಲಬೇಕು. ಈಗ ಆ ಸಾಲಿನಲ್ಲಿ ದಿನಾಂಕ ಸಿಗುವುದಕ್ಕೇ ವರ್ಷ ಹಿಡಿಯುತ್ತದೆ. ನಿಮ್ಮ ದುಡಿಮೆ ಬೇಕು, ಬಾಗಿಲಲ್ಲಿ ನಿಮ್ಮ ಮುಖ ಬೇಡ ಎನ್ನುವುದನ್ನು ಇಷ್ಟು ಅಚ್ಚುಕಟ್ಟಾಗಿ ಹೇಳಿದ ಕಾನೂನು ಇನ್ನೊಂದಿರಲಾರದು. ಒಂಬತ್ತು ವರ್ಷದ ಝಿಕ್ರಾ ಇಲ್ಲೇ ಹುಟ್ಟಿದವಳು, ಇಲ್ಲಿಯ ಪ್ರಜೆ. ಅವಳ ತಾಯಿ ಈ ಬಾಗಿಲು ದಾಟಿದರೆ ಮಗಳನ್ನು ಮತ್ತೆ ಮುಟ್ಟುವುದು ಯಾವಾಗಲೋ, ಆ ದೇವರೇ ಬಲ್ಲ.

ಮಧುರಾಳದ್ದೂ ಅದೇ ಹಣೆಬರಹ. ಎಂಟು ವರ್ಷದಿಂದ ಮೈಸೂರು ಕಂಡಿಲ್ಲ. ತಂಗಿಯ ಧಾರೆಯನ್ನು ಲ್ಯಾಪ್‌ಟಾಪಿನಲ್ಲಿ ನೋಡಿ, ಪರದೆಯ ಮೇಲೇ ಅಕ್ಷತೆ ಎಸೆದವಳು. ಜಾರ್ಜಿಯಾ ರಾಜ್ಯದ ನಾರ್‌ಕ್ರಾಸ್‌ನಲ್ಲಿ ವಲಸೆಯ ಕೇಸು ನಡೆಸುವ ವಕೀಲರೊಬ್ಬರಿಗೆ ವಿಚಾರಣೆ ಮಾಡಿಕೊಡುವುದು ಅವಳ ಕೆಲಸ. ಯಾವ ಕಾಗದ ನಿಜ, ಯಾವ ಬಾಯಿ ಸುಳ್ಳು ಎಂದು ಹುಡುಕಿ ಹುಡುಕಿ ಮೂಗು ಚುರುಕಾಗಿತ್ತು. ಆದರೆ ಫಿರೋಜಾಳ ಊರಾದ ಈ ಲ್ಯಾನ್‌ಹ್ಯಾಮ್‌ಗೆ ಹತ್ತು ಗಂಟೆ ಕಾರೋಡಿಸಿಕೊಂಡು ಬಂದದ್ದು ಸಂಬಳಕ್ಕಲ್ಲ. ಮೈಸೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಅವಳಿಗೆ ಚರಿತ್ರೆ ಕಲಿಸಿದವರು ಮುನೀರ್ ಮೇಷ್ಟ್ರೇ.

ಹೊರಗೆ ಕಾರಿನ ಹಾರನ್ ಕೇಳಿತು. ವಕಾರ್ ಡಲಸ್ ವಿಮಾನ ನಿಲ್ದಾಣಕ್ಕೆ ಹೆಂಡತಿಯನ್ನು ತಾನೇ ಬಿಟ್ಟು ಬರಲು ಹೊರಟಿದ್ದ.

ಫಿರೋಜಾ ಮಧುರಾಳ ಎರಡೂ ಕೈ ಹಿಡಿದಳು. "ಮನೆ ಬಿಟ್ಟುಕೊಟ್ಟಿದೀನಿ ಅಕ್ಕ. ಏನು ಬೇಕಾದ್ರೂ ತೆಗೆದು ನೋಡಿ. ಏನಾದ್ರೂ ಸಿಕ್ರೆ ಗೇಟ್ ಮುಚ್ಚೋದ್ರೊಳಗೆ ಒಂದು ಕಾಲ್ ಮಾಡಿ. ಸಿಗದೇ ಇದ್ರೆ ದುವಾ ಮಾಡಿ."

ವಕಾರ್ ಸೂಟ್‌ಕೇಸ್ ಎತ್ತಿ ಡಿಕ್ಕಿಗಿಟ್ಟ. ಹೆಂಡತಿಯ ಕಡೆ ನೋಡಲಿಲ್ಲ. ಮಧುರಾ ಅದನ್ನು ನೋಡಿದಳು.

*

ಮನೆ ಬಿಕೋ ಎನ್ನುತ್ತಿತ್ತು. ಶನಿವಾರವಾದ್ದರಿಂದ ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗುವ ಕಾರುಗಳು ಕಿಟಕಿಯಾಚೆ ಒಂದರ ಹಿಂದೊಂದು ಸಾಗುತ್ತಿದ್ದವು.

ಹಾಲ್‌ನ ಕಪಾಟಿನಲ್ಲಿ ಆ ತಟ್ಟೆಯಿತ್ತು. ಅಂಗೈಗಿಂತ ತುಸು ದೊಡ್ಡದು, ಕಾಡಿಗೆಯಷ್ಟು ಕಪ್ಪು, ಮೇಲೆ ಹೊಳೆಯುವ ಬಳ್ಳಿ. 'ಅಬ್ಬಾ ಕಾಣೆಯಾಗೋ ಹಿಂದಿನ ಸಂಜೆ ಟೊಲೆಡೋ ಬಜಾರಲ್ಲಿ ನಿನಗೋಸ್ಕರ ತಗೊಂಡ್ರು' ಎಂದು ವಕಾರ್ ಅದನ್ನು ಹೆಂಡತಿಯ ಕೈಗಿಟ್ಟಿದ್ದ. ಮೂರು ವಾರದಿಂದ ಫಿರೋಜಾ ಅದಕ್ಕೆ ಮುತ್ತಿಡದೆ ಮಲಗಿರಲಿಲ್ಲ.

ಮಧುರಾ ತಟ್ಟೆಯನ್ನು ಕೈಗೆತ್ತಿಕೊಂಡಳು. ಕೈಗೆ ಹತ್ತಿದ ತೂಕ ಎಲ್ಲೋ ಪರಿಚಿತ ಅನ್ನಿಸಿತು.

ಟೊಲೆಡೋ! ಮೇಷ್ಟ್ರ ಬಾಯಲ್ಲಿ ಆ ಊರು ಪಾಠವಾಗಿರಲಿಲ್ಲ, ಹಸಿವಾಗಿತ್ತು. ಬೋರ್ಡಿನ ಮೇಲೆ ಮೊದಲು ಗುಡ್ಡ ಬರೆಯುತ್ತಿದ್ದರು. ಆಮೇಲೆ ಚಾಕ್ ಅಡ್ಡ ಹಿಡಿದು ಗುಡ್ಡದ ಮೂರು ಕಡೆಗೂ ಹೊಳೆ ಎಳೆಯುತ್ತಿದ್ದರು. "ನಮ್ಮ ಶ್ರೀರಂಗಪಟ್ಟಣಕ್ಕೆ ಕಾವೇರಿ ಬಳಸಿದ ಹಾಗೇ ಕಣ್ರೋ. ಯಹೂದಿಗಳು ಪ್ರಾರ್ಥನೆ ಮಾಡೋ ಮನೆಗೆ ಕಮಾನು ಕಟ್ಟಿದ್ದು ಮುಸಲ್ಮಾನ್ ಗಾರೆಯವರು. ಅದೇ ಮನೆ ಆಮೇಲೆ ಚರ್ಚಾಯ್ತು. ಕಮಾನು ಮಾತ್ರ ಹಂಗೇ ಇದೆ! ಒಬ್ಬ ಅರಬ್ಬಿ ಪುಸ್ತಕ ಓದಿ ಊರ ಮಾತಲ್ಲಿ ಹೇಳೋನು, ಪಕ್ಕದಲ್ಲಿ ಕೂತೋನು ಲ್ಯಾಟಿನ್‌ನಲ್ಲಿ ಬರೆಯೋನು. ಒಂದೇ ಮೇಜು, ಒಂದೇ ದೀಪ." ಅಲ್ಲಿಗೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸುತ್ತಿದ್ದರು. "ಆಮೇಲೆ ಒಂದು ದಿನ, ಹೊರಡಿ ಅಂದ್ರು. ಯಹೂದಿಗಳನ್ನ ಕಳಿಸಿದ್ರು. ನೂರು ಚಿಲ್ಲರೆ ವರ್ಷಕ್ಕೆ ಮುಸಲ್ಮಾನರ ಮಕ್ಕಳು ಮೊಮ್ಮಕ್ಕಳನ್ನೂ ಕಳಿಸಿದ್ರು. ಊರು ಕಟ್ಟಿದೋರ್ನೇ ಊರು ಬಿಡಿಸೋದು ಹೊಸ ಕೆಲಸ ಅಲ್ಲ ಕಣ್ರೋ." ಹಿಂದಿನ ಬೆಂಚಿನಲ್ಲಿ ಕೂತ ಹದಿಮೂರರ ಮಧುರಾ, ಕಾರಂಜಿ ಕೆರೆಯಾಚೆ ಹೋಗಿರದವಳು, ಆ ಗುಡ್ಡ ಹತ್ತುವ ಕನಸು ಕಂಡಿದ್ದಳು. ಇವತ್ತಿಗೂ ಕಾಣುತ್ತಿದ್ದಳು.

ಅದೇ ಪಾಠದಲ್ಲಿ ಮೇಷ್ಟ್ರು ಇನ್ನೊಂದು ಮಾತು ಹೇಳಿದ್ದು ಈಗ ಫಕ್ಕನೆ ನೆನಪಾಯಿತು. ಟೊಲೆಡೋದವರು ಉಕ್ಕಿನ ತಗಡಿನ ಮೇಲೆ ಚಿನ್ನದ ಎಳೆ ಕೂರಿಸುತ್ತಾರೆ.

ಉಕ್ಕು.

ಮಧುರಾ ಅಡುಗೆಮನೆಗೆ ನಡೆದಳು. ಫ್ರಿಜ್ಜಿನ ಬಾಗಿಲ ತುಂಬ ಮ್ಯಾಗ್ನೆಟ್ಟು. ನಮ್ಮವರು ಎಲ್ಲಿಗೆ ಹೋದರೂ ಊಟ ಮರೆತಾರು, ಫ್ರಿಜ್ ಮ್ಯಾಗ್ನೆಟ್ ಮರೆಯುವುದಿಲ್ಲ. ನಯಾಗರಾ, ಸ್ಮೋಕಿ ಪರ್ವತ, ಮರ್ಟಲ್ ಬೀಚು. ಎಲ್ಲವೂ ಈ ದೇಶದೊಳಗಿನವು. ಕಟ್ಟಿಹಾಕಿದ ದನ ಹಗ್ಗದಷ್ಟೇ ಮೇದ ಹಾಗೆ. ನಯಾಗರಾವನ್ನು ಕಿತ್ತು ತಟ್ಟೆಗೆ ಒತ್ತಿದಳು.

ಹಿಡಿಯಲಿಲ್ಲ. ಜಾರಿ ನೆಲಕ್ಕೆ ಬಿತ್ತು.

ತಿರುಗಿಸಿ ಹಿಂಬದಿಗೆ ಒತ್ತಿದಳು. ಅಲ್ಲೂ ಹಿಡಿಯಲಿಲ್ಲ. ಬಳ್ಳಿ ಚಿನ್ನದ್ದಲ್ಲ, ಬೆಳ್ಳಿ. ಈಗ ತೂಕದ ಗುರುತು ಹತ್ತಿತು. ಅವಳ ಗಂಡ ಬಸಲಿಂಗಪ್ಪನ ಮನೆಯವರು ಬೀದರಿನವರು. ಮದುವೆಗೆ ಬಂದ ಹೂದಾನಿ ಹನ್ನೆರಡು ವರ್ಷದಿಂದ ಅವಳ ಕೈಯಲ್ಲೇ ಒರೆಸಿಕೊಳ್ಳುತ್ತಿದೆ. ಇದು ಸತು, ತಾಮ್ರ. ಬೀದರ್ ಕೋಟೆಯ ಮಣ್ಣಿನಲ್ಲಿ ಕಪ್ಪಾದದ್ದು. ಬಿದರಿ ತಟ್ಟೆ!

ಸ್ಪೇನಿನ ಬಜಾರಿನಲ್ಲಿ ಬೀದರಿನ ತಟ್ಟೆ ಮಾರುವವರು ಇರಲಾರರೇ? ಇರಬಹುದು. ಒಂದೇ ಸಾಕ್ಷಿಯ ಮೇಲೆ ಮನುಷ್ಯನನ್ನು ನೇಣಿಗೆ ಹಾಕಬಾರದು. ಅವಳು ಮೆಟ್ಟಿಲು ಹತ್ತಿ ವಕಾರ್‌ನ ಕೋಣೆಗೆ ಹೋದಳು.

ವೀಸಾದ ಮೇಲೆ ಬದುಕುವ ಪ್ರತಿ ಮನೆಯಲ್ಲೂ ಒಂದು ಫೈಲ್ ಇರುತ್ತದೆ. ಬೆಂಕಿ ಬಿದ್ದರೆ ಮೊದಲು ಮಗು, ಎರಡನೆಯದು ಆ ಫೈಲ್, ಒಡವೆ ಆಮೇಲೆ. ವಕಾರ್‌ನದ್ದು ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಹೆಸರಿಗೊಂದು ಬಣ್ಣದ ಪಟ್ಟಿ ಹಚ್ಚಿ, ಮಸೀದಿಯಲ್ಲಿ ಜೋಡಿಸಿದ ಚಾಪೆಯಷ್ಟು ನೇರವಾಗಿತ್ತು. ಅವಳು ಹುಡುಕಿದ್ದು ಐ-94.

ಈ ದೇಶಕ್ಕೆ ಕಾಲಿಟ್ಟ ಪ್ರತಿ ಸಲವೂ ಹೊಸ ನಂಬರಿನ ಒಂದು ಐ-94 ಹುಟ್ಟುತ್ತದೆ. ಎಂದು ಬಂದಿರಿ, ಎಂದಿನವರೆಗೆ ಇರಬಹುದು ಎಂಬುದು ಅದರಲ್ಲೇ. ಪ್ರಯಾಣ ಮುಗಿಸಿ ಬಂದ ನಮ್ಮವರು ಸೂಟ್‌ಕೇಸ್ ಬಿಚ್ಚುವ ಮೊದಲೇ ಅದರ ಪ್ರಿಂಟ್ ತೆಗೆಯುತ್ತಾರೆ. ವಕಾರ್‌ನಂಥವನು ಏರ್‌ಪೋರ್ಟಿನಲ್ಲೇ ತೆಗೆದಾನು.

ಅವನ ಹೆಸರಿನ ಕೊನೆಯ ಹಾಳೆ 2018ರ ಆಗಸ್ಟಿನದು.

ಅದರ ನಂತರದ್ದು ಒಂದೂ ಇರಲಿಲ್ಲ. ಸ್ಪೇನಿನಿಂದ ಬಂದ ಗುರುತೇ ಇಲ್ಲ. ಎಲ್ಲ ಸುಳ್ಳನ್ನೂ ಹೇಳಬಲ್ಲ ಮನುಷ್ಯ ಈ ಫೈಲಿಗೆ ಒಂದು ಸುಳ್ಳು ಹಾಳೆ ಸೇರಿಸಲಾರದೆ ಹೋಗಿದ್ದ. ಯಾವುದೋ ಪ್ರಯೋಗದ ಯೋಜನೆಯಲ್ಲಿ ಅಮೆರಿಕದೊಳಗೇ ತನ್ನೊಬ್ಬನ ವೀಸಾ ನವೀಕರಣವಾಯಿತು, ಮಾವನ ಜೊತೆ ನಾನೇ ಹೋಗಿ ಬರುತ್ತೇನೆ ಎಂದಿದ್ದನಲ್ಲ! ಇವನು ದೇಶ ಬಿಟ್ಟೇ ಇಲ್ಲ.

ಹಾಗಾದರೆ ಮೇಷ್ಟ್ರು? ಅದು ತಿಳಿಯದೆ ಫಿರೋಜಾಗೆ ಫೋನ್ ಮಾಡಿ ಹೇಳುವುದೇನು?

ಅವಳು ಮತ್ತೆ ಪಟ್ಟಿಗಳನ್ನು ಎಣಿಸಿದಳು. ವಕಾರ್, ಫಿರೋಜಾ, ಝಿಕ್ರಾ. ಮೂರೇ. ಎಂಟು ತಿಂಗಳು ಈ ಮನೆಯಲ್ಲಿ ಉಂಡು ಮಲಗಿದ ಮುನೀರ್ ಮೇಷ್ಟ್ರ ಹೆಸರಿಗೆ ಒಂದು ಬಣ್ಣವೂ ಇರಲಿಲ್ಲ.

*

ವಕಾರ್ ಮರಳಿದಾಗ ನಾಲ್ಕೂವರೆಯಾಗಿತ್ತು. ಬೀಗದ ಕೈ ಬಟ್ಟಲಿಗೆ ಹಾಕಿ, ನಯವಾಗಿ ಕೇಳಿದ: "ಟೀ ಮಾಡ್ಲಾ ಮೇಡಂ?"

"ಕೂತ್ಕೊಳ್ಳಿ ವಕಾರ್."

ಮಧುರಾ ಊಟದ ಮೇಜಿನ ಮೇಲೆ ತಟ್ಟೆಯಿಟ್ಟಿದ್ದಳು. ಪಕ್ಕದಲ್ಲಿ ಫೈಲ್.

ಅವನು ತಟ್ಟೆ ನೋಡಿ ಅಲುಗಲಿಲ್ಲ. ಫೈಲ್ ನೋಡಿ ಕುರ್ಚಿ ಹಿಡಿದುಕೊಂಡ.

"ನಿಮ್ಮ ಹೊಸ ಐ-94 ಎಲ್ಲಿ?"

"ಅದು... ಪ್ರಿಂಟರ್ ಇಂಕ್ ಇರ್ಲಿಲ್ಲ."

"ಮೂರು ವಾರದಿಂದ? ಮೊನ್ನೆ ಝಿಕ್ರಾ ಸ್ಕೂಲ್ ಪ್ರಾಜೆಕ್ಟು ಕಲರ್‌ನಲ್ಲೇ ಪ್ರಿಂಟ್ ಆಗಿದೆಯಲ್ರೀ. ಗೋಡೆ ಮೇಲಿದೆ."

ವಕಾರ್ ಗೋಡೆಯ ಕಡೆ ನೋಡಿದ.

"ಫೋನ್ ತೆಗೀರಿ. ವೆಬ್‌ಸೈಟ್‌ಗೆ ಹೋಗಿ, ಪಾಸ್‌ಪೋರ್ಟ್ ನಂಬರ್ ಹೊಡೀರಿ. ಎರಡು ನಿಮಿಷದ ಕೆಲಸ. ನೀವು ಸ್ಪೇನ್‌ನಿಂದ ಬಂದ ತಾರೀಖು ತೋರಿಸಿ, ನಾನು ನಿಮ್ಮ ಕಾಲಿಗೆ ಬಿದ್ದು ನಾರ್‌ಕ್ರಾಸ್‌ಗೆ ವಾಪಸ್ ಹೋಗ್ತೀನಿ."

"ನನ್ನ ಮನೇಲಿ ನನ್ನ ಫೈಲ್ ಮುಟ್ಟೋಕೆ ನೀವ್ಯಾರು ಮೇಡಂ?"

"ನಿಮ್ಮ ಹೆಂಡ್ತಿ ಕರೆಸಿದೋಳು. ಇನ್ನೊಂದು ಗಂಟೇಲಿ ಮಗಳನ್ನ ಬಿಟ್ಟು, ತಿರುಗಿ ಬರೋಕಾಗದ ವಿಮಾನ ಹತ್ತೋ ನಿಮ್ಮ ಹೆಂಡ್ತಿ. ಏರ್‌ಪೋರ್ಟಿಗೆ ನೀವೇ ಡ್ರೈವ್ ಮಾಡ್ಕೊಂಡು ಹೋಗಿ ಬಿಟ್ಟು ಬಂದ್ರಲ್ಲ! ದಾರಿ ಉದ್ದಕ್ಕೂ ಏನು ಮಾತಾಡಿದ್ರಿ? ಹವಾಮಾನನಾ?"

ವಕಾರ್ ಕುಸಿದು ಕೂತ. ನಲವತ್ತೊಂದರ ಮನುಷ್ಯ ಒಂದೇ ಉಸಿರಿನಲ್ಲಿ ಅರವತ್ತು ದಾಟಿದ.

"ಅಬ್ಬಾಗೆ ಇಲ್ಲಿ ಇರೋಕೆ ಕೊಟ್ಟಿದ್ದು ಆರು ತಿಂಗಳು," ಎಂದ ಮೆಲ್ಲಗೆ. "ಅವರ ವೀಸಾ ಹತ್ತು ವರ್ಷದ್ದು ಇದೆಯಲ್ಲ, ಎಕ್ಸ್‌ಟೆನ್ಷನ್‌ಗೆ ಅಪ್ಲೈ ಮಾಡೋಕೆ ಟೈಮಿದೆ ಅಂದ್ಕೊಂಡೆ. ಐ-94 ನೋಡ್ಲೇ ಇಲ್ಲ. ನಾನು! ಎಲ್ಲರ ಕಾಗದ ನಾನೇ ನೋಡೋದು. ನೋಡೋ ಹೊತ್ತಿಗೆ ಡೇಟ್ ದಾಟಿ ಹನ್ನೊಂದು ದಿನ ಆಗಿತ್ತು."

"ಫಿರೋಜಾಗೆ ಹೇಳ್ಲಿಲ್ಲ."

"ಹೇಗೆ ಹೇಳ್ಲಿ? ಅವರು ಹೊರಟುಹೋದ್ರೆ ಸರಿ ಹೋಗತ್ತೆ ಅನ್ಕೊಂಡೆ. ಟೊಲೆಡೋ ನೋಡ್ಬೇಕು ಅಂತ ಜೀವ ಬಿಡ್ತಿದ್ರು. ಆ ವೀಸಾ, ಟಿಕೆಟ್ ಆಗೋ ಹೊತ್ತಿಗೆ ಇನ್ನೂ ಒಂದೂವರೆ ತಿಂಗಳು. ಅಲ್ಲಿ ಐದು ದಿನ, ಅಲ್ಲಿಂದ ಬೆಂಗಳೂರು. ಒಬ್ರೇ ಹೋಗ್ತಾರೆ ಅಂದ್ರೆ ಇವಳು ಬಿಡಲ್ಲ, ಶುಗರ್ ಇದೆ. ಅದಕ್ಕೇ ನಾನೂ ಹೋಗ್ತೀನಿ ಅಂದೆ. ಪ್ಲೇನ್ ಹತ್ತಿಸಿ, ಎಲ್ಲಾದ್ರೂ ಮೋಟೆಲ್‌ನಲ್ಲಿ ಇದ್ದು ಬರೋದು ಅಂತ ಇತ್ತು."

"ಆಮೇಲೆ?"

"ಡಲಸ್ ದಾರೀಲಿ ಗ್ಯಾಸ್ ಹಾಕ್ಸೋಕೆ ನಿಲ್ಸಿದೆ. ಅಬ್ಬಾ ರೆಸ್ಟ್‌ರೂಮಿಗೆ ಹೋಗಿ ಬರ್ತಿದ್ರು. ಇಮಿಗ್ರೇಷನ್‌ನೋರು, ಮುಖಕ್ಕೆ ಬಟ್ಟೆ ಕಟ್ಕೊಂಡಿದ್ದ ನಾಲ್ಕು ಜನ. ಪೇಪರ್ಸ್ ಅಂದ್ರು. ಅಬ್ಬಾ ಪಾಸ್‌ಪೋರ್ಟೂ ತೋರಿಸಿದ್ರು, ಟಿಕೆಟ್ಟೂ ತೋರಿಸಿದ್ರು. ಇವತ್ತೇ ಹೋಗ್ತಿದೀನಿ ಸಾರ್, ಟೊಲೆಡೋ ಅಂದ್ರು. ನಗ್ತಾ ಅಂದ್ರು ಮೇಡಂ."

ತಾನಾಗಿ ಹೊಸ್ತಿಲು ದಾಟುತ್ತಿದ್ದ ಮುದುಕನನ್ನು ಹಿಡಿದು, ಹೊರಗೆ ಹಾಕುವ ಸಲುವಾಗಿ ಒಳಗೆ ಕೂಡಿಹಾಕಿದ್ದಾರೆ! ಟಿಕೆಟ್ ಕೈಯಲ್ಲಿದ್ದವನನ್ನು! ಇದಕ್ಕೆ ಕಾನೂನು ಎಂಬ ಹೆಸರು ಬೇರೆ.

"ನೀವೆಲ್ಲಿದ್ರಿ?"

"ಕಾರಲ್ಲಿ."

"ನಿಮ್ಮನ್ನ ಕೇಳಿದ್ರಾ?"

ವಕಾರ್ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ಉಗುರು ನಿಂತಿತು.

"ಇವರು ನಿಮಗೇನಾಗ್ಬೇಕು ಅಂದ್ರು. ಅವಧಿ ಮುಗಿದೋರನ್ನ ಮನೇಲಿ ಇಟ್ಕೊಂಡಿದ್ದೆ ಅಂದ್ರೆ ನನ್ನ ವೀಸಾ, ಗ್ರೀನ್ ಕಾರ್ಡ್ ಫೈಲು ಎಲ್ಲಾ... ಹದಿಮೂರು ವರ್ಷದಿಂದ ಕಾಯ್ತಿದೀನಿ ಮೇಡಂ! ಗೊತ್ತಿಲ್ಲ ಅಂದೆ. ಯಾರೋ, ರೈಡ್ ಕೇಳಿದ್ರು ಕೊಟ್ಟೆ ಅಂದೆ. ಬರೆದು ಸೈನ್ ಹಾಕಿ ಅಂದ್ರು. ಹಾಕ್ದೆ."

"ಮೇಷ್ಟ್ರು ಕೇಳಿಸ್ಕೊಂಡ್ರಾ?"

"ನನ್ನ ಮುಖ ನೋಡಿದ್ರು. ಒಂದು ನಿಮಿಷ. ಆಮೇಲೆ ಅವರೇ ಹೇಳಿದ್ರು, ಹೌದು ಆಫೀಸರ್, ಈ ಹುಡುಗ ಯಾರೋ ನನಗೂ ಗೊತ್ತಿಲ್ಲ, ಪಾಪ ಒಳ್ಳೆಯವನು, ಕಳಿಸಿಬಿಡಿ ಅಂತ."

ಫ್ರಿಜ್ಜು ಗೊರಗುಟ್ಟಿ ಸುಮ್ಮನಾಯಿತು.

"ಈ ತಟ್ಟೆ?"

"ಅಬ್ಬಾ ಬ್ಯಾಗಲ್ಲಿತ್ತು. ಬ್ಯಾಗ್ ಕಾರಲ್ಲೇ ಉಳೀತು. ಟೊಲೆಡೋ ಕೆಲಸದೋರಿಗೆ ತೋರಿಸ್ಬೇಕು ಅಂತ ಊರಿಂದ ಗುಟ್ಟಾಗಿ ತಂದಿದ್ರಂತೆ. ನಿಮ್ಮ ಕೈ ನಮ್ಮ ಕೈ ಒಂದೇ ಮನೇದು ನೋಡ್ರಪ್ಪಾ ಅಂತ ಹೇಳೋಕೆ."

"ಬ್ಯಾಗಲ್ಲಿ ಇನ್ನೇನಿತ್ತು?" ಮಧುರಾಳ ದನಿ ಅವಳಿಗೇ ಕೇಳದಷ್ಟು ಇಳಿದಿತ್ತು. "ಶುಗರ್ ಮಾತ್ರೆ?"

ಅವನು ತಲೆ ತಗ್ಗಿಸಿದ.

"ಮೂರು ವಾರ ದಾಟ್ತು, ವಕಾರ್!"

"ಆನ್‌ಲೈನ್‌ನಲ್ಲಿ ಹಿಡಿದೋರ ಪಟ್ಟೀಲಿ ದಿನಾ ಹೆಸರು ಹುಡುಕ್ತೀನಿ. ಜಾರ್ಜಿಯಾದಲ್ಲಿ ಯಾವುದೋ ಸೆರೆಮನೆ ಅಂತ ಬರ್ತಿತ್ತು. ಬುಧವಾರದಿಂದ ಹೆಸರೇ ಬರ್ತಿಲ್ಲ."

ಬದುಕಿದ್ದಾರೋ, ಊರಿಗೆ ಕಳಿಸಿದರೋ, ಇನ್ನೆಲ್ಲಿಗಾದರೂ ಸಾಗಿಸಿದರೋ? ಮಧುರಾ ಗಡಿಯಾರ ನೋಡಿದಳು. ಐದೂ ಹತ್ತು. ವಿಮಾನಕ್ಕೆ ಜನ ಹತ್ತುವ ಹೊತ್ತು. ಫೋನಿಗೆ ಕೈ ಹಾಕಿದಳು.

"ಮೇಡಂ, ಬೇಡ," ವಕಾರ್ ಎದ್ದು ನಿಂತ. "ಒಂದು ಮಾತು ಕೇಳಿ. ಇದು ಆಚೆ ಬಂದ್ರೆ ಅವರಿಗೆ ಸುಳ್ಳು ಬರೆದುಕೊಟ್ಟ ಕೇಸು ಬೀಳತ್ತೆ. ನನ್ನನ್ನೂ ಹಾಕ್ತಾರೆ. ಝಿಕ್ರಾಗೆ ಇಬ್ರೂ ಇರಲ್ಲ. ಒಬ್ರಾದ್ರೂ ಇರ್ಬೇಕಲ್ವಾ ಅವಳಿಗೆ?"

"ಅದಕ್ಕೆ ಹೆಂಡ್ತೀನ ಕಳಿಸಿದ್ರಾ?"

ಅವಳು ನಂಬರ್ ಒತ್ತುವ ಮೊದಲೇ ಫೋನ್ ಬಡಿದುಕೊಂಡಿತು. ಫಿರೋಜಾ! ಮಧುರಾ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

"ಮಧುರಕ್ಕ! ಅಬ್ಬಾ ಫೋನ್ ಮಾಡಿದ್ರು!" ಅಳುವೋ ನಗುವೋ ತಿಳಿಯದ ದನಿ. ಹಿಂದೆ ಏರ್‌ಪೋರ್ಟಿನ ಗದ್ದಲ. "ಈಗ, ಈಗ್ತಾನೇ! ಟೊಲೆಡೋದಲ್ಲಿ ಎಲ್ಲಿ ಕಳೆದುಹೋದ್ರಿ ಅಬ್ಬಾ ಅಂದೆ, ಅಲ್ಲೇ ಇದಾರೆ! ದಾರಿ ತಪ್ಪಿ ಯಾರೋ ಪುಣ್ಯಾತ್ಮರ ಮನೇಲಿ ಇದಾರಂತೆ. ಚೆನ್ನಾಗಿದೀನಿ, ಅಳಬೇಡ ಅಂದ್ರು. ಕಿಟಕೀಲಿ ಹೊಳೆ ಕಾಣತ್ತಂತೆ ಅಕ್ಕ, ಮೂರು ಕಡೆಗೂ. ಕಾವೇರಿ ಬಳಸಿದ ಹಾಗೇ ಇದೆ ಬೇಟಾ, ಕಮಾನು ಹಂಗೇ ಇದೆ ಅಂದ್ರು. ನಾನು ಬರ್ತಿದೀನಿ ಅಬ್ಬಾ ಅನ್ನೋದ್ರೊಳಗೆ ಕಟ್ ಆಯ್ತು!"

ಮಧುರಾಳ ಕಣ್ಣು ತುಂಬಿ ಬಂತು. ಎಂದೂ ಕಾಣದ ಊರನ್ನು ಮೇಷ್ಟ್ರು ಮತ್ತೊಮ್ಮೆ ಪಾಠ ಮಾಡಿದ್ದರು. ಅಳಿಯನನ್ನು ಉಳಿಸಲು, ಮಗಳ ಮನೆ ಮುರಿಯದಿರಲು. ಮಗಳು ಆ ಪಾಠವನ್ನು ನಂಬಿ ಗೇಟಿನಲ್ಲಿ ನಿಂತಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ.

"ಫಿರೋಜಾ, ಯಾವ ನಂಬರಿಂದ ಬಂತು? ಓದು."

"ಅದೇನೋ... ಎರಡು, ಎರಡು, ಒಂಬತ್ತರಿಂದ ಶುರು. ಮೊದ್ಲು ಏನೋ ರೆಕಾರ್ಡಿಂಗು, ಒಂದು ಒತ್ತಿ ಅಂತು, ಒತ್ತಿದೆ. ಕೊನೇಲೂ ಯಾವಳೋ ಇಂಗ್ಲಿಷಲ್ಲಿ, ಒಂದು ನಿಮಿಷ ಉಳಿದಿದೆ ಅಂದ್ಲು."

"ಅದು ಸ್ಪೇನ್ ಅಲ್ಲ ಕಣೇ. ದಕ್ಷಿಣ ಜಾರ್ಜಿಯಾದ ನಂಬರ್, ನಾನಿರೋ ರಾಜ್ಯ. ಸೆರೆಮನೆ ಫೋನು. ಮೇಷ್ಟ್ರು ಟೊಲೆಡೋಗೆ ಹೋಗೇ ಇಲ್ಲ. ಇಲ್ಲೇ ಇದಾರೆ, ಜೀವಂತ ಇದಾರೆ! ಹತ್ತಬೇಡ. ಅಲ್ಲೇ ಕೂತ್ಕೋ, ನಾನು ಬರ್ತೀನಿ."

ಯಾರೋ ಮೈಕಿನಲ್ಲಿ ಮ್ಯಾಡ್ರಿಡ್ ಎಂದು ಕೂಗಿದರು. ಕೊನೆಯ ಕರೆ.

"ನೀವು ನನ್ನ ತಡೆಯೋಕೆ ಹೀಗಂತಿದೀರ ಅಕ್ಕ," ಎಂದಳು ಫಿರೋಜಾ. "ಅಬ್ಬಾ ನಂಗೆ ಸುಳ್ಳು ಹೇಳಲ್ಲ. ಯಾವತ್ತೂ ಹೇಳಿಲ್ಲ. ವಕಾರ್ ಇದಾರಾ ಅಲ್ಲಿ? ಅವರ ಬಾಯಲ್ಲಿ ಕೇಳಿದ್ರೆ ನಂಬ್ತೀನಿ. ಕೊಡಿ."

ಮಧುರಾ ಫೋನನ್ನು ವಕಾರ್‌ನ ಮುಂದಕ್ಕೆ ತಳ್ಳಿದಳು. ಹೇಳು ಎಂದು ಕಣ್ಣಲ್ಲೇ ಬೇಡಿದಳು. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಎರಡೂ ಕೈಯಲ್ಲಿ ಫೋನ್ ಎತ್ತಿಕೊಂಡು ತುಟಿಯ ಬಳಿ ತಂದ.

"ಫಿರೋಜಾ," ಎಂದ. "ಅಬ್ಬಾ ಅಲ್ಲೇ ಇದಾರೆ. ನೀನು ಹೋಗು."

ಹೇಳಿ, ಮಧುರಾಳ ಕೈ ತಲುಪುವ ಮೊದಲೇ ಕರೆ ಕತ್ತರಿಸಿದ.